ಬಂದ್ರಾ ಮೇಷ್ಟ್ರೇ

ಕಿನುಯೋಳ ಮನೆಯಲ್ಲಿ ಹೊರಗಿನಿಂದ ಬಂದವರು ಬೂಟು ಬಿಚ್ಚುತ್ತ "ಬಂದೆ" ಅನ್ನಬೇಕು. ಒಳಗಿದ್ದವರು, ಕೈಯಲ್ಲಿ ಏನೇ ಕೆಲಸವಿರಲಿ, "ಬಂದ್ಯಾ" ಅನ್ನಬೇಕು. ಜಪಾನಿನ ಯವತಹಾಮ ಬಂದರಿನ ಎಲ್ಲ ಮನೆಗಳಲ್ಲೂ ಅದೇ ರೂಢಿ, ಇವಳೇನೂ ಹೊಸದಾಗಿ ಕಂಡುಹಿಡಿದದ್ದಲ್ಲ. ಆದರೆ ಬೇರೆ ಮನೆಗಳಲ್ಲಿ ಜಗಳವಾದ ದಿನ ಆ ಮಾತು ಗಂಟಲಲ್ಲೇ ಉಳಿದುಹೋಗುತ್ತದೆ, ತನ್ನ ಮನೆಯಲ್ಲಿ ಮಾತ್ರ ಇವತ್ತಿನವರೆಗೆ ಹಾಗಾಗಿಲ್ಲ ಎಂಬ ಜಂಬ ಅವಳಿಗಿತ್ತು. ಬೆಳಿಗ್ಗೆ ಸೊಸೆಯ ಮುಂದೆ ಬಟ್ಟಲು ಕುಕ್ಕಿ ಹೋಗಿರಲಿ, ಸಂಜೆ ಅವಳು ಹಲ್ಲಿನ ಆಸ್ಪತ್ರೆಯ ಕೆಲಸ ಮುಗಿಸಿಕೊಂಡು ಬಂದು "ಬಂದೆ" ಅಂದರೆ ಸಾಕು, ಒಲೆಯ ಮುಂದಿನಿಂದಲೇ "ಬಂದ್ಯಾಮ್ಮ" ಅನ್ನುವಳು.

ಆ ಡಿಸೆಂಬರಿನಲ್ಲಿ ಜಗಳಕ್ಕೆ ಬರವಿರಲಿಲ್ಲ. ವರ್ಷದ ಕೊನೆಗೆ ಮನೆ ತೊಳೆದು ಹಳೆಯದನ್ನೆಲ್ಲ ಹೊರಹಾಕುವ ಕಾಲ. ಸೊಸೆ ಚಿಹಾರು ತೋಳು ಮಡಿಸಿ ನಿಂತಿದ್ದಳು.

"ಅತ್ತೆ, ಈ ಮೂರು ಛತ್ರಿ ಬೇಕಾ?"

"ಬೇಕು."

"ಮೂರರದ್ದೂ ಕಡ್ಡಿ ಮುರಿದಿದೆ."

"ಮೂರೂ ಸೇರಿಸಿದ್ರೆ ಒಂದಾಗತ್ತೆ."

"ಸೇರಿಸೋರು ಯಾರು?"

"ಯಾರೂ ಇಲ್ದಿದ್ರೆ ಹಂಗೇ ಇರ್ಲಿ ಬಿಡು. ಛತ್ರಿ ಏನು ಅನ್ನ ಕೇಳತ್ತಾ?"

ಅಡಿಯಲ್ಲಿ ಬಿಸಿಯಿರುವ ಕೊತಾತ್ಸು ಮೇಜಿನ ಕಂಬಳಿಯೊಳಗೆ ಕಾಲು ತೂರಿಸಿ ಕಿತ್ತಳೆ ಸುಲಿಯುತ್ತಿದ್ದ ಮೊಮ್ಮಗಳು ಸಾಯೊ ಕಿಸಕ್ಕೆಂದಳು. ಹದಿಮೂರು ತುಂಬಿದ ಹುಡುಗಿ, ನಾಲಿಗೆ ಮಾತ್ರ ಮೂವತ್ತರದ್ದು.

ಚಿಹಾರು ಹಳೆಯ ಪತ್ರಿಕೆಗಳನ್ನು ದಾರದಿಂದ ಕಟ್ಟಿ ಎತ್ತಿದಳು. ಎರಡು ಹೆಜ್ಜೆ ಇಡುವುದರೊಳಗೆ ಕಟ್ಟು ಸಡಿಲಿ ಪತ್ರಿಕೆಯೆಲ್ಲ ನೆಲಕ್ಕೆ ಹರಡಿತು.

"ನಿನ್ನ ಗಂಟೂ ನಿನ್ನ ಪಲ್ಯದ ಥರಾನೇ ನೋಡಮ್ಮ," ಅಂದಳು ಕಿನುಯೋ. "ಕಣ್ಣಿಗೆ ಚೆಂದ, ಬಾಯಿಗಿಟ್ರೆ ಏನೂ ಇಲ್ಲ."

"ಮತ್ತೆ ಎರಡೆರಡು ಸಲ ಬಡಿಸ್ಕೊಂಡು ತಿಂತೀರಲ್ಲ?"

"ಬಿಸಾಕೋಕೆ ಮನಸ್ಸಾಗಲ್ಲ. ಛತ್ರಿ ಥರ."

ಅಷ್ಟರಲ್ಲಿ ಕಿನುಯೋಳ ಗಂಡ ತಮೋತ್ಸು ಎದ್ದು ಬಂದು ಸುಮ್ಮನೆ ದಾರ ತೆಗೆದುಕೊಂಡ. ಒಂದು ಸುತ್ತು, ಒಂದು ಎಳೆತ, ಪತ್ರಿಕೆಯ ಕಟ್ಟು ಕಲ್ಲಿನ ಹಾಗೆ ನಿಂತಿತು. ನಲವತ್ತು ವರ್ಷ ಬಂದರಿನ ಕಟ್ಟೆಯ ಮೇಲೆ ಹಡಗಿನ ಹಗ್ಗ ಹಿಡಿದವನು ಅವನು. ನಿವೃತ್ತನಾದ ಮೇಲೂ ಸಂಜೆಯ ಹಡಗಿಗೆ ಆಳು ಸಾಲದೆಂದು ಕರೆಯುತ್ತಿದ್ದರು. ಮನೆಯಲ್ಲಿ ಕಿತ್ತಳೆ ಡಬ್ಬ ಕಟ್ಟಿದರೂ ಅದೇ ಹಡಗಿನ ಕುಣಿಕೆ ಹಾಕುತ್ತಿದ್ದ. ಎಲ್ಲ ಹಗ್ಗದವರ ಕುಣಿಕೆಯಲ್ಲೂ ದಾರದ ತುದಿ ಒಳಗೆ ಉಳಿಯುತ್ತದೆ. ತಮೋತ್ಸು ಎಡಚ, ಅವನ ಕುಣಿಕೆಯಲ್ಲಿ ತುದಿ ಹೊರಗೆ ಇಣುಕುತ್ತಿತ್ತು. "ನಾಲಿಗೆ ಹೊರಗೆ ಹಾಕಿದ ನಾಯಿ" ಎಂದು ಕಟ್ಟೆಯ ಮೇಲಿನ ಗೆಳೆಯರು ಅದಕ್ಕೆ ಹೆಸರಿಟ್ಟಿದ್ದರು.

ಮಾತು ಕಡಿಮೆ ಅವನದು. ಮದುವೆಯಾದ ಹೊಸತರಲ್ಲಿ ಕಿನುಯೋ ಅದನ್ನು ಗಾಂಭೀರ್ಯ ಅಂದುಕೊಂಡಿದ್ದಳು.

ಕೊನೆಗೆ ಚಿಹಾರು ಟೀವಿಯ ಕೆಳಗಿನ ಕಪಾಟಿಗೆ ಕೈ ಹಾಕಿದಳು. ಅಲ್ಲಿ ತುಂಬಿದ್ದದ್ದು ಡಿಸ್ಕ್‌ಗಳು. ಮಾವನ ಕತ್ತಿಕಾಳಗದ ಸಿನಿಮಾಗಳು, ಸಾಯೊ ಚಿಕ್ಕವಳಿದ್ದಾಗಿನ ಬೊಂಬೆಚಿತ್ರಗಳು, ಇನ್ನೂ ಏನೇನೋ.

"ಇವನ್ನ ಮಾರಿಬಿಡೋಣ ಅತ್ತೆ. ಹೊಸ ಟೀವಿಲಿ ಎಲ್ಲಾ ಸಿಗತ್ತೆ."

"ಹೌದಮ್ಮ," ಎಂದ ಮಗ ಶೋಗೋ. ವರ್ಷಾಂತ್ಯದ ಬೋನಸ್ಸಿನಲ್ಲಿ ಅಗಲದ ಟೀವಿ ತಂದು ಗೋಡೆಗೆ ಹಾಕಿಸಿದವನು ಅವನೇ. "ಈಗ ಯಾರು ಡಿಸ್ಕ್ ಕೊಳ್ತಾರೆ? ಸ್ಟೇಷನ್ ಹತ್ರ ಇದ್ದ ಬಾಡಿಗೆ ಅಂಗಡಿ ಔಷಧಿ ಅಂಗಡಿ ಆಯ್ತು. ಡಿಸ್ಕ್ ಹಾಕೋ ಮಶೀನೇ ಕಂಪನಿಗಳು ಮಾಡೋದು ಬಿಡ್ತಿವೆ. ನಮ್ಮನೇದು ಕೆಟ್ರೆ ಆಯ್ತು, ಕಥೆ ಮುಗೀತು."

"ಉಳಿದದ್ದನ್ನ ಮಾರ್ತೀಯೋ ಸುಡ್ತೀಯೋ ನಿನ್ನಿಷ್ಟ," ಅಂದಳು ಕಿನುಯೋ. "ಆ ನೀಲಿ ಪೆಟ್ಟಿಗೆ ಮಾತ್ರ ಮುಟ್ಟಕೂಡದು."

"ಅದನ್ನ ಮುಟ್ಟಲ್ಲ ಅತ್ತೆ. ನನಗೆ ಗೊತ್ತಿಲ್ವಾ?"

ಎಲ್ಲರಿಗೂ ಗೊತ್ತಿತ್ತು. ಆ ನೀಲಿ ಪೆಟ್ಟಿಗೆಯಲ್ಲಿದ್ದದ್ದು ಒಂದು ಟೀವಿ ಧಾರಾವಾಹಿಯ ಬ್ಲೂ-ರೇ ಡಿಸ್ಕ್‌ಗಳು. ಬಹಳ ವರ್ಷದ ಹಿಂದೆ ತೋಕ್ಯೋದವರು ಬಂದು ಈ ಬಂದರಿನಲ್ಲಿ ಚಿತ್ರೀಕರಣ ಮಾಡಿದ್ದರು. ಆಗ ಕಟ್ಟೆಯ ಮೇಲೆ ನಿಲ್ಲುವುದಕ್ಕೆ ಊರಿನ ಒಬ್ಬ ಹುಡುಗಿ ಬೇಕೆಂದು ಕೇಳಿದಾಗ, ಕಿನುಯೋಳ ಮಗಳು ಮಿನೋರಿ ನಿಂತಳು. ಹದಿನೇಳು ಅವಳಿಗೆ. ಶಾಲಾ ಮೇಷ್ಟ್ರ ಪಾತ್ರದ ನಟ ಹಡಗಿನಿಂದ ಇಳಿದು ಬರುತ್ತಾನೆ, ಇವಳು ಕೈಯೆತ್ತಿ "ಬಂದ್ರಾ ಮೇಷ್ಟ್ರೇ!" ಅನ್ನುತ್ತಾಳೆ. ಅಷ್ಟೇ. ಎರಡು ವರ್ಷದ ಮೇಲೆ ಮೆದುಳಿನಲ್ಲಿ ರಕ್ತನಾಳ ಒಡೆದು ಮಿನೋರಿ ಹೋಗಿಬಿಟ್ಟಳು. ಕ್ಯಾಮೆರಾ ಕಂಡರೆ ಓಡುವ ಹುಡುಗಿ, ಮನೆಯವರ ಹತ್ತಿರ ಅವಳ ವಿಡಿಯೋ ಒಂದೂ ಇರಲಿಲ್ಲ. ಅವಳ ಫೋನಿನ ಬೀಗದ ಸಂಖ್ಯೆಯೂ ಅವಳೊಂದಿಗೇ ಹೋಯಿತು. ಮನೆಯ ಪೂಜಾಪೆಟ್ಟಿಗೆಯಲ್ಲಿ ಫೋಟೋ ಇತ್ತು, ನಿಜ. ಆದರೆ ಫೋಟೋ ಮಾತಾಡುವುದಿಲ್ಲವಲ್ಲ.

ಮೊದಮೊದಲು ಬಾಡಿಗೆ ಅಂಗಡಿಯಿಂದ ತಂದ ಡಿವಿಡಿಯಲ್ಲಿ ನೋಡುತ್ತಿದ್ದಾಗ ಮಗಳ ಮುಖ ಹೆಬ್ಬೆಟ್ಟಿನ ಗುರುತಿನಷ್ಟೇ ಕಾಣುತ್ತಿತ್ತು. ಬ್ಲೂ-ರೇ ಪೆಟ್ಟಿಗೆ ಬಂದ ಮೇಲೆ ಎಲ್ಲ ಕಂಡಿತು. ಚಳಿಗೆ ಒಡೆದ ತುಟಿ, ಗಾಳಿಗೆ ಬಾಯಿಗೆ ಬಂದ ಕೂದಲೆಳೆ, ಎತ್ತಿದ ಕೈಯ ತೋರುಬೆರಳಿಗೆ ಸುತ್ತಿದ ಬ್ಯಾಂಡೇಜು. ಆ ಬ್ಯಾಂಡೇಜು ಹಾಕಿದವಳು ಕಿನುಯೋಳೇ. ಮೀನು ರುಬ್ಬಿ ಕರಿದು ಮಾರುವ ಜಾಕೊತೆನ್ ಅಂಗಡಿಯಲ್ಲಿ ತಾಯಿಗೆ ಸಹಾಯ ಮಾಡಲು ಬಂದು ಹುಡುಗಿ ಬೆರಳು ಕೊಯ್ದುಕೊಂಡಿದ್ದಳು. ಆ ದೃಶ್ಯವಿದ್ದ ನಾಲ್ಕನೆಯ ಡಿಸ್ಕಿನ ಡಬ್ಬಿಯ ಮೇಲೆ, ಬೇಗ ಸಿಗಲೆಂದು, ಕಿನುಯೋ ಕಿತ್ತಳೆ ಹಣ್ಣಿನ ಮೇಲಿನ ದುಂಡನೆಯ ಚೀಟಿ ಅಂಟಿಸಿದ್ದಳು.

ವಾರಕ್ಕೆ ಮೂರು ನಾಲ್ಕು ಸಂಜೆ, ಅಂಗಡಿಯ ಕೆಲಸ ಮುಗಿಸಿ ಬಂದು ಅನ್ನಕ್ಕಿಟ್ಟು, ಅವಳು ಆ ಒಂದು ದೃಶ್ಯ ಹಾಕಿಕೊಳ್ಳುತ್ತಿದ್ದಳು. ಅಳುತ್ತಿರಲಿಲ್ಲ. ಸೊಪ್ಪು ಬಿಡಿಸುತ್ತ, ಮಗಳು ಪಕ್ಕದ ಕೋಣೆಯಲ್ಲಿದ್ದಾಳೆ ಅನ್ನುವ ಹಾಗೆ ನೋಡುತ್ತಿದ್ದಳು. ಹಲವು ಸಲ ಅದೇ ಹೊತ್ತಿಗೆ ತಮೋತ್ಸು ಸಂಜೆಯ ಹಡಗು ಕಟ್ಟಿ ಮನೆಗೆ ಬರುವನು. ಬಾಗಿಲಲ್ಲಿ "ಬಂದೆ" ಅನ್ನುವನು. ಟೀವಿಯಿಂದ ಮಿನೋರಿ "ಬಂದ್ರಾ ಮೇಷ್ಟ್ರೇ!" ಅನ್ನುವಳು.

"ನೋಡ್ರೀ, ನಿಮ್ಮ ಮಗಳೇ ಕರೀತಿದಾಳೆ," ಎಂದು ಕಿನುಯೋ ನಗುವಳು.

ಅವನು ಸೀದಾ ಬಚ್ಚಲಿಗೆ ಹೋಗುವನು.

ತಿಂಗಳಿಗೊಂದು ಸಲ ತಮೋತ್ಸು ಮತ್ಸುಯಾಮಕ್ಕೆ ರೈಲಿನಲ್ಲಿ ಹೋಗಿ ಕಣ್ಣು ತೋರಿಸಿಕೊಂಡು ಬರುತ್ತಿದ್ದ. ಆ ತಿಂಗಳ ಕೊನೆಯ ವಾರವೂ ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು ಹೋಗಿಬಂದ. ಬರುವಾಗ ಚೀಲದಲ್ಲಿ ಸಾಯೊಗೆ ಹುರುಳಿಹಿಟ್ಟಿನ ಸಿಹಿ ಇತ್ತು. ಹೋಗುವಾಗ ಏನಿತ್ತೆಂದು ಕೇಳುವ ಕೆಲಸ ಯಾರಿಗೂ ಬೀಳಲಿಲ್ಲ. ಹೊಸ ವರ್ಷದ ಗಿರಾಕಿಗಳ ಗಲಾಟೆಯಲ್ಲಿ ಕಿನುಯೋಗೆ ಆ ಕೊನೆಯ ದಿನಗಳಲ್ಲಿ ಟೀವಿಯ ಮುಂದೆ ಕೂರುವ ಬಿಡುವೇ ಸಿಗಲಿಲ್ಲ.

ವರ್ಷದ ಕೊನೆಯ ಸಂಜೆ ಐವರೂ ಕೂತು ಸೋಬಾ ಶಾವಿಗೆ ತಿಂದರು. ಬಟ್ಟಲು ಇನ್ನೂ ಮೇಜಿನ ಮೇಲಿರುವಾಗಲೇ ಸಾಯೊ ರಿಮೋಟ್ ಎತ್ತಿಕೊಂಡಳು.

"ಅಜ್ಜಿ, ನಿನ್ನ ಧಾರಾವಾಹಿ ಇದರಲ್ಲೂ ಬಂದಿದೆ! ಮಿನೋರಿ ಅತ್ತೇನ ಈ ದೊಡ್ಡ ಪರದೇಲಿ ನೋಡೋಣ್ವಾ?"

ಕಿನುಯೋ ಎಂದೂ ಮಾಡದವಳು, ಎದ್ದು ಹೋಗಿ ಬಾಯಿ ಒರೆಸಿಕೊಂಡು ಕೂದಲು ಸರಿಮಾಡಿಕೊಂಡು ಬಂದಳು. ಸಾಯೊ ಆ ದೃಶ್ಯವಿದ್ದ ಕಂತು ಹಾಕಿದಳು. ಬಂದರು ಬಂತು. ಹಡಗು ಬಂತು. ಹಗ್ಗ ಬಿತ್ತು. ಆಮೇಲೆ ಒಮ್ಮೆಲೇ ಆಸ್ಪತ್ರೆಯ ಒಳಗಿನ ಕೋಣೆ, ಡಾಕ್ಟರು ಚಹಾ ಕುಡಿಯುತ್ತಿದ್ದಾರೆ.

"ಹಿಂದೆ ಹಾಕು," ಅಂದಳು ಕಿನುಯೋ.

ಸಾಯೊ ಹಿಂದೆ ಹಾಕಿದಳು. ಹಡಗು, ಹಗ್ಗ, ಚಹಾ.

"ನೀನೆಲ್ಲೋ ತಪ್ಪು ಒತ್ತುತ್ತಿದೀಯ."

"ಇಲ್ಲಜ್ಜಿ. ಇಲ್ಲಿ ಇರೋದೇ ಇಷ್ಟು." ಸಾಯೊ ಫೋನು ತೆಗೆದು ಏನೋ ಹುಡುಕಿದಳು. ಅವಳ ಮುಖ ಸಣ್ಣಗಾಯಿತು. "ಮೇಷ್ಟ್ರ ಪಾರ್ಟ್ ಮಾಡಿದೋನು ಸಿಕ್ಕಿಬಿದ್ದಿದಾನಂತೆ, ಮಾದಕವಸ್ತು ಕೇಸಲ್ಲಿ. ಅದಕ್ಕೇ ಅವನು ಬರೋದನ್ನೆಲ್ಲ ಕತ್ತರಿಸಿ ಹಾಕಿದಾರೆ."

"ಅವನು ತೋಕ್ಯೋದಲ್ಲಿ ಏನೋ ಮೂಗಿಗೇರಿಸಿದ್ರೆ ನನ್ನ ಮಗಳನ್ನ ಯಾಕೆ ಕತ್ತರಿಸಬೇಕು?"

"ಹೋಗ್ಲಿ ಬಿಡಮ್ಮ, ಡಿಸ್ಕ್ ಇದೆಯಲ್ಲ ನಮ್ಮ ಹತ್ರ," ಎಂದ ಶೋಗೋ. ಕಿನುಯೋ ಆಗಲೇ ಕಪಾಟಿನ ಮುಂದೆ ಮೊಣಕಾಲೂರಿದ್ದಳು. ಕಪಾಟು ಗುಡಿಸಿ ಒರೆಸಿದ ಹಾಗೆ ಸ್ವಚ್ಛವಾಗಿತ್ತು. ಕೆಳಗಿನ ಹಲಗೆಯ ಹಿಂಬದಿಯಲ್ಲಿ, ನೀಲಿ ಪೆಟ್ಟಿಗೆ ಇರುತ್ತಿದ್ದ ಜಾಗದಲ್ಲಿ, ಏನೂ ಇರಲಿಲ್ಲ.

ಅವಳು ತಿರುಗಿದ್ದು ಸೀದಾ ಸೊಸೆಯ ಕಡೆಗೆ.

"ಎಲ್ಲಿ?"

"ನಾನು ತೆಗೀಲಿಲ್ಲ ಅತ್ತೆ. ಉಳಿದದ್ದನ್ನ ಮಾರುವಾಗ ಅದನ್ನ ಹಿಂದಕ್ಕೆ ಸರಿಸಿಟ್ಟಿದ್ದೆ."

"ಸರಿಸಿಟ್ಟಿದ್ದು ಕಾಲು ಬಂದು ನಡ್ಕೊಂಡು ಹೋಯ್ತಾ?"

"ಈ ಮನೇಲಿ ನಿಮ್ಮನ್ನ ಕೇಳದೆ ಒಂದು ಮುರುಕು ಚಮಚ ಬಿಸಾಕಿಲ್ಲ ನಾನು!"

ಕಿನುಯೋ ಗಂಡನನ್ನು ನೋಡಿದಳು. "ರೀ, ನೀವೇನಾದ್ರೂ ನೋಡಿದ್ರಾ?"

ತಮೋತ್ಸು ಬಟ್ಟಲಿನಲ್ಲಿ ಉಳಿದಿದ್ದ ಸಾರನ್ನು ಕುಡಿದು ಮುಗಿಸಿದ. "ಕ್ಲೀನ್ ಮಾಡೋವಾಗ ಹೋಗಿರಬಹುದು," ಅಂದ.

ಹೋಗಿರಬಹುದು. ಇಷ್ಟೇ ಅವನು ಆಡಿದ್ದು. ಆದರೆ ಮಾತು ಕಡಿಮೆ ಇರುವವನ ಒಂದು ಮಾತಿಗೆ ತೂಕ ಹೆಚ್ಚು. ಅಲ್ಲಿಂದಾಚೆ ಕಿನುಯೋಳ ಬಾಯಿಗೆ ತಡೆಯೇ ಉಳಿಯಲಿಲ್ಲ. ಬಂದ ದಿನದಿಂದ ಈ ಮನೆಯ ಸಾಮಾನು ನಿನಗೆ ಕಸ, ಹೆತ್ತ ಮಗಳಾಗಿದ್ದರೆ ಗೊತ್ತಾಗುತ್ತಿತ್ತು, ಹೊರಗಿನವರು ಹೊರಗಿನವರೇ, ಇನ್ನೂ ಏನೇನೋ ಅಂದಳು. ಚಿಹಾರು ಕೆಂಪಗಾಗಿ ಗಂಡನ ಕಡೆ ನೋಡಿದಳು.

ಶೋಗೋ ತಲೆ ಕೆರೆದುಕೊಂಡ. "ಗೊತ್ತಿಲ್ದೆ ಹೋಗಿರತ್ತೆ ಬಿಡೇ. ಒಂದ್ಸಲ ತಪ್ಪಾಯ್ತು ಅಂದುಬಿಡು, ಮುಗೀಲಿ. ಹಬ್ಬದ ದಿನ."

"ಏನು ತಪ್ಪಾಯ್ತು ಅನ್ಲಿ?"

"ಸುಮ್ನೆ ಅನ್ನೇ."

ಚಿಹಾರು ಐದು ಬಟ್ಟಲುಗಳನ್ನು ಒಂದರ ಮೇಲೊಂದು ಜೋಡಿಸಿ ಎತ್ತಿಕೊಂಡು ಹೋಗಿ ತೊಳೆದಳು. ತಪ್ಪಾಯಿತು ಅನ್ನಲಿಲ್ಲ.

ಹೊಸ ವರ್ಷದ ಬೆಳಿಗ್ಗೆ ಅಕ್ಕಿಯ ಮೋಚಿ ಉಂಡೆ ಹಾಕಿದ ಸಾರನ್ನು ಐವರೂ ಗೋಡೆ ನೋಡುತ್ತ ತಿಂದರು. ಮಧ್ಯಾಹ್ನ ಚಿಹಾರು ಅಂಗಡಿಗೆ ಹೋಗಿ ಮೂಲಂಗಿ ತಂದಳು. ಬಾಗಿಲಲ್ಲಿ ಬೂಟು ಬಿಚ್ಚುತ್ತ "ಬಂದೆ" ಅಂದಳು. ಕಿನುಯೋ ಒಲೆಯ ಮುಂದೆಯೇ ಇದ್ದಳು. ಕೇಳಿಸಿತು. ಕೇಳಿಸಲಿಲ್ಲವೆಂಬ ಹಾಗೆ ಸಾರು ತಿರುವಿದಳು.

ಮರುದಿನವೂ ಹಾಗೆಯೇ, ಅದರ ಮರುದಿನವೂ. ಆ ಮೇಲೆ ಒಂದು ಸಂಜೆ ಚಿಹಾರು "ಬಂದೆ" ಅಂದು, ಬಾಗಿಲಲ್ಲೇ ನಿಂತು ಕಾದಳು. ಬೂಟು ಬಿಚ್ಚಲಿಲ್ಲ. ಮಾವ ಪತ್ರಿಕೆ ಓದುತ್ತಿದ್ದ. ಅತ್ತೆ ಮೀನು ಮಗುಚಿ ಹಾಕಿದಳು. ಚಿಹಾರು ಒಳಗೆ ಬಂದು ಒಂದು ಚೀಲ ತುಂಬಿಕೊಂಡು ಮತ್ಸುಯಾಮದ ತವರಿಗೆ ಹೊರಟುಹೋದಳು. ಸಾಯೊಗೆ ಶಾಲೆ ಶುರುವಾಗುವುದಿತ್ತು, ಅವಳು ಉಳಿದಳು.

ಜನವರಿಯ ಅಷ್ಟೂ ವಾರ ಅಡುಗೆಯೆಲ್ಲ ಕಿನುಯೋಳ ತಲೆಗೇ ಬಿತ್ತು. ಬೆಳಿಗ್ಗೆ ಡಬ್ಬಿ, ಹಗಲೆಲ್ಲ ಅಂಗಡಿಯ ಎಣ್ಣೆಯ ಬಾಣಲೆ, ಸಂಜೆ ಮತ್ತೆ ಮನೆಯ ಒಲೆ. ಸೊಪ್ಪು ಬಿಡಿಸುವಾಗ ಕಣ್ಣು ತಾನಾಗಿ ಟೀವಿಯ ಕಡೆ ಹೋಗುವುದು. ಅಲ್ಲಿ ಏನೂ ಇಲ್ಲವೆಂದು ನೆನಪಾಗಿ ಕೈ ನಿಲ್ಲುವುದು. ಮಗಳ ದನಿ ತಲೆಯಲ್ಲಿ ಇದೆ, ಎಲ್ಲಿ ಹೋಗುತ್ತದೆ ಅಂದುಕೊಂಡಿದ್ದಳು. ಮೂರನೆಯ ವಾರಕ್ಕೆ, "ಮೇಷ್ಟ್ರೇ" ಅನ್ನುವಾಗ ಮಿನೋರಿ ಯಾವ ಅಕ್ಷರ ಎಳೆಯುತ್ತಿದ್ದಳೆಂದು ನೆನಪಿಗೆ ಬರಲಿಲ್ಲ. ಬಾಣಲೆಯ ಮುಂದೆ ನಿಂತು ನಾಲ್ಕು ಥರ ಹೇಳಿ ನೋಡಿದಳು, ನಾಲ್ಕೂ ತನ್ನದೇ ದನಿ. ಆ ಮಧ್ಯಾಹ್ನ ಎರಡು ತಟ್ಟೆ ಜಾಕೊತೆನ್ ಕರಕಲಾಯಿತು.

"ಹೊಸ ಪೆಟ್ಟಿಗೆ ಕೊಂಡ್ಕೊಳ್ಳೋಕೆ ಆಗಲ್ವಾ?" ಎಂದು ಊಟದ ಹೊತ್ತಿನಲ್ಲಿ ಕೇಳಿದಳು.

"ಇಲ್ಲಜ್ಜಿ, ನೋಡ್ದೆ," ಅಂದಳು ಸಾಯೊ. "ಒಂದೇ ಸಲ ಮಾಡಿದ್ದಂತೆ. ಕೊಳ್ಳೋರಿಲ್ಲ ಅಂತ ಮತ್ತೆ ಮಾಡ್ಲಿಲ್ಲ. ಈಗ ಅವನು ಸಿಕ್ಕಿಬಿದ್ದ ಮೇಲೆ ಎಲ್ರಿಗೂ ಬೇಕಂತೆ, ಆನ್‌ಲೈನಲ್ಲಿ ಇಟ್ಟ ತಕ್ಷಣ ಖಾಲಿ."

"ಇದ್ದಾಗ ಯಾರಿಗೂ ಬೇಡ," ಎಂದ ಶೋಗೋ.

"ಅಮ್ಮನ ಥರ," ಅಂದಳು ಸಾಯೊ.

"ಬಾಯಿ ಮುಚ್ಕೊಂಡು ಊಟ ಮಾಡು," ಎಂದ ಅವನು.

"ಮಾಡ್ತಿದೀನಲ್ಲ. ಅಜ್ಜಿ, ಒಂದು ಹೇಳ್ಲಾ? ಅಮ್ಮ ಕದಿಯೋಳಾಗಿದ್ರೆ ಮೊದಲು ಆ ಮೂರು ಛತ್ರಿ ಕದೀತಿದ್ಲು."

ತಮೋತ್ಸು ಅನ್ನದ ಬಟ್ಟಲು ಮುಂದೆ ಚಾಚಿದ. "ಇನ್ನೊಂಚೂರು ಬಡಿಸು," ಅಂದ. ಕಿನುಯೋ ಬಡಿಸಿದಳು. ಅವನು ಚೆನ್ನಾಗಿಯೇ ಉಂಡ. ಆ ವಾರಗಳಲ್ಲಿ ಅವನ ಊಟ ಒಂದು ತುತ್ತೂ ಕಡಿಮೆಯಾಗಿರಲಿಲ್ಲವೆಂದು ಅವಳು ಆಮೇಲೆ ನೆನೆಸಿಕೊಂಡಳು, ಮತ್ತೆ ಮತ್ತೆ ನೆನೆಸಿಕೊಂಡಳು.

ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿರುವಾಗ ಬಾಗಿಲು ಸರಿಯಿತು. ಚಿಹಾರು ನಿಂತಿದ್ದಳು. ಅವಳು "ಬಂದೆ" ಅನ್ನಲಿಲ್ಲ. ಬೂಟು ಬಿಚ್ಚಿ ಸೀದಾ ಬಂದು ಒಂದು ಕಾಗದದ ಚೀಲವನ್ನು ಮೇಜಿನ ಮೇಲೆ ಅತ್ತೆಯ ಮುಂದಿಟ್ಟಳು.

"ತೊಗೊಳ್ಳಿ ಅತ್ತೆ. ಸಿಕ್ತು."

ಚೀಲದಲ್ಲಿ ನೀಲಿ ಪೆಟ್ಟಿಗೆಯಿತ್ತು. ರಟ್ಟಿನ ಮೂಲೆ ಹರಿದಿತ್ತು, ಬಿಚ್ಚಿಕೊಳ್ಳದಿರಲೆಂದು ಬಿಳಿಯ ದಾರ ಸುತ್ತಿತ್ತು. ದಾರದ ಸಂದಿಯಿಂದ ನಾಲ್ಕನೆಯ ಡಬ್ಬಿಯ ಬೆನ್ನು ಕಾಣುತ್ತಿತ್ತು. ಅದರ ಮೇಲೆ ಕಿತ್ತಳೆಯ ದುಂಡನೆಯ ಚೀಟಿ.

"ಇದು ನಮ್ಮದೇ!" ಎಂದು ಸಾಯೊ ಕಿರುಚಿದಳು. "ಎಲ್ಲಿತ್ತಮ್ಮ?"

"ಮತ್ಸುಯಾಮದ ಹಳೇ ಸಾಮಾನಿನ ಅಂಗಡೀಲಿ. ಕೆಲಸಕ್ಕೆ ರಜೆ ಹಾಕಿ ದಿನಾ ಒಂದೊಂದು ಅಂಗಡಿ ಹತ್ತಿ ಇಳಿದೆ. ಬೇರೆ ಯಾರೋ ನೋಡಿಟ್ಟು ಹೋಗಿದ್ರಂತೆ, ಸಂಜೆ ದುಡ್ಡು ತರ್ತೀನಿ ಅಂತ. ಕೈಕಾಲು ಹಿಡಿದು ತೊಗೊಂಡ್ಬಂದೆ. ಯಾರು ಮಾರಿದ್ದು ಅಂತ ಕೇಳ್ದೆ. ಹೇಳೋ ಹಾಗಿಲ್ಲ ಅಂದ್ರು. ರಟ್ಟು ಹರಿದಿದೆ ಅಂತ, ತಂದೋರು ಕಟ್ಟಿದ್ದ ದಾರಾನೇ ಮತ್ತೆ ತೊಡಿಸಿ ಇಟ್ಟಿದ್ರು." ಅವಳು ಅತ್ತೆಯನ್ನೇ ನೋಡುತ್ತ ಹೇಳಿದಳು. "ನಾನು ಮಾರಿಲ್ಲ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು."

ಕಿನುಯೋ ಪೆಟ್ಟಿಗೆಯನ್ನು ಚೀಲದಿಂದ ಹೊರಗೆ ತೆಗೆದಳು. ಅವಳು ನೋಡುತ್ತಿದ್ದದ್ದು ಡಿಸ್ಕನ್ನಲ್ಲ, ದಾರವನ್ನು. ಪೆಟ್ಟಿಗೆಯ ನೆತ್ತಿಯ ಮೇಲೆ, ಕೈಗೆ ಹಿಡಿಯಲು ಅನುಕೂಲವಾಗುವ ಹಾಗೆ, ಒಂದು ಕುಣಿಕೆ ಇತ್ತು. ಕುಣಿಕೆಯ ಪಕ್ಕದಲ್ಲಿ ದಾರದ ತುದಿ ಹೊರಗೆ ಇಣುಕುತ್ತಿತ್ತು, ನಾಲಿಗೆ ಹೊರಗೆ ಹಾಕಿದ ನಾಯಿಯ ಹಾಗೆ.

ಅವಳು ಕುಣಿಕೆ ಬಿಚ್ಚದೆ ದಾರವನ್ನು ಮೆಲ್ಲಗೆ ಪೆಟ್ಟಿಗೆಯಿಂದ ಜಾರಿಸಿ ತೆಗೆದಳು. ತೆಗೆದು ಗಂಡನ ಬಟ್ಟಲಿನ ಪಕ್ಕ ಇಟ್ಟಳು.

"ಇದು ಯಾರ ಗಂಟು?"

ತಮೋತ್ಸು ದಾರವನ್ನು ನೋಡಿದ. ಊಟದ ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟ.

"ಕೇಳಿದ್ದು ಕೇಳಿಸ್ತಾ? ಯಾರ ಗಂಟು ಇದು?"

"ನಂದು."

"ಅಪ್ಪಾ!" ಎಂದ ಶೋಗೋ.

"ಕಣ್ಣು ತೋರಿಸೋಕೆ ಹೋದಾಗ ಕೊಟ್ಟೆ," ಎಂದ ತಮೋತ್ಸು. "ಟೀವೀಲಿ ಹೆಂಗೂ ಎಲ್ಲಾ ಸಿಗತ್ತೆ ಅಂದ್ರಲ್ಲ. ಕಳೆದುಹೋಗಲ್ಲ ಅಂದ್ಕೊಂಡೆ. ಅದರಲ್ಲಿ ಇರತ್ತೆ. ಆದ್ರೆ ನಿಂಗೆ ಆ ರಿಮೋಟು ಒತ್ತೋಕೆ ಬರಲ್ಲ. ಸಾಯೊ ಇದ್ದಾಗ ಎಂದೋ ಒಂದಿನ ನೋಡ್ತೀಯ, ದಿನಾ ನೋಡಲ್ಲ ಅಂತ..."

"ದಿನಾ ನೋಡಿದ್ರೆ ನಿಮಗೇನಾಗ್ತಿತ್ತು?"

ಅವನು ಬಾಗಿಲ ಕಡೆ ನೋಡಿದ. "ಬಾಗಿಲು ತೆಗೆದು ಬಂದೆ ಅಂತೀನಿ. ಒಳಗಿಂದ ಅವಳು ಬಂದ್ರಾ ಅಂತಾಳೆ. ಪ್ರತಿ ಸಲ ಒಂದು ಗಳಿಗೆ ಇದಾಳೆ ಅನ್ನಿಸತ್ತೆ. ಆಮೇಲೆ ಇಲ್ಲ. ಹನ್ನೊಂದು ವರ್ಷ ಆಯ್ತು ಕಿನುಯೋ. ಹೊರಗೆ ನಿಂತು ಆ ಟೀವಿ ನಿಲ್ಲೋವರೆಗೂ ಕಾದಿದೀನಿ, ಮಳೇಲಿ."

ಒಂದು ಗಳಿಗೆ ಕಿನುಯೋಳ ಮನಸ್ಸು ಕರಗಿತು. ಸುಳ್ಳು ಹೇಳಬಾರದು, ಕರಗಿತು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವನ ಹೊಟ್ಟೆಯಲ್ಲಿ ಇಂಥದೊಂದು ಇತ್ತೇ, ತಾನು ನಗುತ್ತ "ನಿಮ್ಮ ಮಗಳೇ ಕರೀತಿದಾಳೆ" ಅನ್ನುತ್ತಿದ್ದೆನೇ ಅಂದುಕೊಂಡಳು. ಆಗ ಅವಳ ಕಣ್ಣು ಚಿಹಾರುವಿನ ಮೇಲೆ ಬಿತ್ತು. ಸೊಸೆ ಇನ್ನೂ ಕೋಟು ಬಿಚ್ಚದೆ, ಕೂರದೆ, ಪರರ ಮನೆಗೆ ಬಂದವಳ ಹಾಗೆ ನಿಂತಿದ್ದಳು.

"ಬಾಯಲ್ಲಿ ಹೇಳೋಕೆ ಏನಾಗಿತ್ತು ನಿಂಗೆ?" ಅಂದಳು ಕಿನುಯೋ.

ಶೋಗೋ ತಲೆಯೆತ್ತಿದ. ಅಮ್ಮ ಅಪ್ಪನನ್ನು ಏಕವಚನದಲ್ಲಿ ಕರೆದದ್ದನ್ನು ಅವನು ಹುಟ್ಟಿದ ಮೇಲೆ ಕೇಳಿರಲಿಲ್ಲ.

"ಹೇಳಿದ್ರೆ ನಿಲ್ಲಿಸ್ತಿದ್ಯಾ?" ಎಂದ ತಮೋತ್ಸು.

"ನಿಲ್ಲಿಸ್ತಿದ್ದೆನೋ ಇಲ್ವೋ, ಜಗಳ ಆಡ್ತಿದ್ದೆ. ಅತ್ತು ಕರೆದು ಏನೋ ಒಂದು ಮಾಡ್ಕೊಳ್ತಿದ್ವಿ. ನನ್ನ ಮಗಳನ್ನ ದಾರ ಕಟ್ಟಿ ಮಾರಿ ಬಂದೆ, ಅದನ್ನೂ ನುಂಗ್ಕೊಳ್ತೀನಿ, ಅವಳು ನಿನಗೂ ಮಗಳೇ. ಆದ್ರೆ ಹೋಗಿರಬಹುದು ಅಂದ್ಯಲ್ಲ. ಈ ಹುಡುಗಿ ಮೇಲೆ ನಾನು ನಾಯಿ ಥರ ಬಿದ್ದಾಗ ಎದುರಿಗೇ ಕೂತು ಸಾರು ಕುಡಿದೆ. ಅವಳು ಬಾಗಿಲಲ್ಲಿ ನಿಂತು ಬಂದೆ ಅಂದಾಗ ಪತ್ರಿಕೆ ಓದ್ತಿದ್ದೆ. ಅವಳು ಮನೆ ಬಿಟ್ಟು ಹೋದ್ಲು, ನೀನು ಇನ್ನೊಂಚೂರು ಬಡಿಸು ಅಂದೆ. ನಾನು ಬಡಿಸ್ದೆ!"

"ಮಾತು ಹೊರಗೆ ಬರ್ಲಿಲ್ಲ," ಎಂದ ಅವನು.

"ಅನ್ನ ಒಳಗೆ ಹೋಯ್ತಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಬರೆ ಹಾಕಿದ ಕೈ ತನ್ನದೇ ಎಂಬುದೂ ಕಿನುಯೋಗೆ ಗೊತ್ತಿತ್ತು. ಅವಳು ಚಾಪೆಯ ಮೇಲೆ ಎರಡೂ ಅಂಗೈ ಊರಿ ಸೊಸೆಯ ಮುಂದೆ ಹಣೆ ನೆಲಕ್ಕೆ ತಾಗಿಸಿದಳು.

"ತಪ್ಪಾಯ್ತಮ್ಮ ಚಿಹಾರು."

ಚಿಹಾರು ಓಡಿಬಂದು ಎತ್ತಲಿಲ್ಲ. "ಏಳಿ ಅತ್ತೆ," ಅಂದಳು. ಕಿನುಯೋ ಎದ್ದು ಕೂತ ಮೇಲೆ, "ಅವತ್ತು ನನ್ನನ್ನ 'ಎಲ್ಲಿ' ಅಂತ ಕೇಳಿದ್ರಿ. ಮಾವನ್ನ 'ನೋಡಿದ್ರಾ' ಅಂತ ಕೇಳಿದ್ರಿ. ಎರಡೂ ಒಂದೇ ಅಲ್ಲ," ಅಂದಳು.

"ಅಲ್ಲ," ಎಂದು ಒಪ್ಪಿಕೊಂಡಳು ಕಿನುಯೋ.

"ನನಗೂ ನಿನ್ನ ಹತ್ರ ಒಂದು ಮಾತು..." ಎಂದು ಶೋಗೋ ಹೆಂಡತಿಯ ಕಡೆ ತಿರುಗಿದ.

"ಸುಮ್ನೆ ಅನ್ಬೇಡಿ," ಅಂದಳು ಚಿಹಾರು. "ನಿಜವಾಗ್ಲೂ ಬಂದಾಗ ಅನ್ನಿ." ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿ, ಮಗಳ ಪಕ್ಕ ಹೋಗಿ ಕೂತಳು. ಸಾಯೊ ತನ್ನ ಬಟ್ಟಲನ್ನು ಅವಳ ಮುಂದೆ ತಳ್ಳಿದಳು.

ದಾರ ಮೇಜಿನ ಮೇಲೆಯೇ ಬಿದ್ದಿತ್ತು. ಅದನ್ನು ಯಾರೂ ತೆಗೆಯಲಿಲ್ಲ. ಊಟವಾದ ಮೇಲೆ ತಮೋತ್ಸುವೇ ಅದನ್ನು ಕಿಸೆಗೆ ಹಾಕಿಕೊಂಡು, ಹೊತ್ತಿಗೆ ಮುಂಚೆಯೇ ಬಂದರಿಗೆ ಹೊರಟುಹೋದ.

ಮರುದಿನ ಸೋಮವಾರ. ಹಲ್ಲಿನ ಆಸ್ಪತ್ರೆಯಿಂದ ಚಿಹಾರು ಮೊದಲಿನ ಹೊತ್ತಿಗೇ ಬಂದಳು. ಬಾಗಿಲಲ್ಲಿ ಬೂಟಿನ ಸಪ್ಪಳವಾಯಿತು, ಆಮೇಲೆ ಸುಮ್ಮನಾಯಿತು. ಕಿನುಯೋ ಸೌಟು ಹಿಡಿದೇ ಕಾದಳು.

"ಬಂದೆ," ಎಂದಿತು ಹೊರಗಿನ ದನಿ, ಗಟ್ಟಿಯಾಗೇನೂ ಅಲ್ಲ.

"ಬಂದ್ಯಾ? ಬಾಮ್ಮ," ಅಂದಳು ಕಿನುಯೋ. "ಚಳಿ ಇದೆ, ಒಳಗೆ ಬಾ."

ಚಿಹಾರು ಒಳಬಂದು ಕೈ ತೊಳೆದು ಮೂಲಂಗಿ ಹೆಚ್ಚತೊಡಗಿದಳು. ಕಿನುಯೋ ಹಳೆಯ ಮಶೀನಿಗೆ ನಾಲ್ಕನೆಯ ಡಿಸ್ಕ್ ಹಾಕಿ, ಸೊಪ್ಪಿನ ಬುಟ್ಟಿ ಹಿಡಿದು ಕೂತಳು. ಕಿಟಕಿಯ ಹೊರಗೆ ಬಂದರಿನಲ್ಲಿ ಸಂಜೆಯ ಹಡಗು ಕೂಗಿ ಬಹಳ ಹೊತ್ತಾಗಿತ್ತು. ಪರದೆಯ ಮೇಲಿನ ಹಡಗು ಈಗಷ್ಟೇ ಕಟ್ಟೆಗೆ ತಾಗುತ್ತಿತ್ತು. ಹಗ್ಗ ಬಿತ್ತು. ಮೇಷ್ಟ್ರ ಪಾತ್ರದವನು ಮೆಟ್ಟಿಲಿಳಿಯತೊಡಗಿದ.

ಬಾಗಿಲು ಸರಿಯಿತು.

"ಬಂದೆ," ಎಂದ ತಮೋತ್ಸು.

ಪರದೆಯ ಮೇಲೆ ಮಿನೋರಿ ಬ್ಯಾಂಡೇಜು ಸುತ್ತಿದ ಕೈಯೆತ್ತಿದಳು. ಒಡೆದ ತುಟಿ ಬಿಚ್ಚಿಕೊಂಡಿತು. ಕಿನುಯೋ ರಿಮೋಟ್ ಎತ್ತಿ ಧ್ವನಿ ನಿಲ್ಲಿಸಿದಳು. ಆ ಒಂದು ಗುಂಡಿ ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹುಡುಗಿಯ ತುಟಿ ಅಲ್ಲಾಡಿತು, ಮಾತು ಬರಲಿಲ್ಲ.

ತಮೋತ್ಸು ಒಂದು ಬೂಟು ಬಿಚ್ಚಿ, ಇನ್ನೊಂದು ಕಾಲಲ್ಲೇ ಇಟ್ಟುಕೊಂಡು ನಿಂತಿದ್ದ. ಸಾಯೊ ಅಜ್ಜಿಯ ಮುಖ ನೋಡಿದಳು, ತಾತನ ಮುಖ ನೋಡಿದಳು, ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿದಳು. ಅಡುಗೆಮನೆಯಲ್ಲಿ ಚಿಹಾರುವಿನ ಚಾಕುವೂ ನಿಂತಿತು.

"ಬಂದೆ ಕಣೇ," ಎಂದ ಅವನು ಇನ್ನೊಮ್ಮೆ.

ಕಿನುಯೋ ಒಂದು ದಂಟು ಮುರಿದು ಬುಟ್ಟಿಗೆ ಹಾಕಿದಳು, ಇನ್ನೊಂದು ತೆಗೆದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅವನು ಎರಡನೆಯ ಬೂಟನ್ನೂ ಬಿಚ್ಚಿ ಜೋಡಿಸಿಟ್ಟು, ಅವಳ ಹಿಂದಿನಿಂದ ಹಾದು ಬಚ್ಚಲಿಗೆ ಹೋದ. ಅವಳು ಡಿಸ್ಕನ್ನು ಹಿಂದಕ್ಕೆ ಓಡಿಸಿ, ಹಡಗು ಕಟ್ಟೆಗೆ ತಾಗುವಲ್ಲಿ ನಿಲ್ಲಿಸಿಕೊಂಡು ಕಾದಳು. ಬಚ್ಚಲ ಬಾಗಿಲು ಹಾಕಿಕೊಂಡಿತು, ನಲ್ಲಿಯ ನೀರು ಜೋರಾಗಿ ಬೀಳತೊಡಗಿತು. ಆಗ ಧ್ವನಿ ಬಿಟ್ಟಳು.